ಅರ್ಥಕ್ಕೆ ಮೊದಲು ಆಕಾರ

ವಾಶಿಯ ಸುತ್ತಮುತ್ತ ಓಡಾಡುವವರಿಗೆ ವಾರ್ಲಿ ಚಿತ್ರ ಹೊಸದೇನಲ್ಲ. ಗೋಡೆ, ಸೀರೆಯ ಸೆರಗು, ಕೈಚೀಲ ಎಲ್ಲೆಡೆ ಆ ಬಿಳಿ ಮನುಷ್ಯರಿದ್ದಾರೆ. ನೋಡಿ ‘ಚೆನ್ನಾಗಿದೆ’ ಎನ್ನುತ್ತೇವೆ, ಇಲ್ಲವೇ ‘ಇದರ ಅರ್ಥ ಏನು?’ ಎಂದು ಕೇಳುತ್ತೇವೆ. ಚಿತ್ರದ ಮುಂದೆ ನಿಂತು ಅರ್ಥವನ್ನೇ ಮೊದಲು ಕೇಳಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಕಣ್ಣಿಗೆ ಬಿದ್ದದ್ದನ್ನು ಬಿಡಿಸಿ ಹೇಳಲು ಬಂದರೆ ಅರ್ಥ ಅದರ ಹಿಂದೆಯೇ ಬರುತ್ತದೆ. ಅದಕ್ಕೆ ಬೇಕಾದ ಮಾತುಗಳನ್ನು ಕಲಿಯಲು ವಾರ್ಲಿಗಿಂತ ಒಳ್ಳೆಯ ಪಾಠಶಾಲೆ ನಮಗೆ ಹತ್ತಿರದಲ್ಲಿಲ್ಲ.

ಈ ಚಿತ್ರ ಬರೆಯುವ ವಾರ್ಲಿ ಆದಿವಾಸಿಗಳು ಹೆಚ್ಚಾಗಿರುವ ಡಹಾಣು, ತಲಾಸರಿ ಕಡೆಯ ಊರುಗಳು 2014ರಲ್ಲಿ ಪಾಲ್ಘರ್ ಜಿಲ್ಲೆಗೆ ಸೇರುವವರೆಗೆ ನಮ್ಮ ಥಾಣೆ ಜಿಲ್ಲೆಯಲ್ಲೇ ಇದ್ದವು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ತುದಿ ಜಗಿದು ಕುಂಚ ಮಾಡಿಕೊಂಡ ಬಿದಿರು ಕಡ್ಡಿ: ಸಾಮಗ್ರಿ ಇಷ್ಟೇ. ಆಕಾರಗಳೂ ಮೂರೇ, ವೃತ್ತ, ತ್ರಿಕೋನ, ಚೌಕ. ಎರಡು ತ್ರಿಕೋನಗಳನ್ನು ತುದಿಗೆ ತುದಿ ಕೂಡಿಸಿದರೆ ಮನುಷ್ಯನ ಮೈಯಾಯಿತು. ಮೇಲಿನದನ್ನು ಒಂದಿಷ್ಟು ವಾಲಿಸಿ ನೋಡಿ. ನಿಂತವನು ಓಡುತ್ತಾನೆ, ಬಾಗಿ ನಾಟಿ ಮಾಡುತ್ತಾನೆ. ತಾರ್ಪಾ ವಾದ್ಯ ಊದುವವನ ಸುತ್ತ ಕುಣಿಯುವವರ ಸಾಲು ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಒಂದೇ ಆಕಾರ ಹೀಗೆ ಮರಳಿ ಮರಳಿ ಬಂದಾಗ ಕಣ್ಣಿಗೆ ಸಿಗುವುದೇ ಲಯ. ಮದುವೆಗೆಂದು ಗೋಡೆಯ ಮೇಲೆ ಬರೆಯುವ ಚೌಕದಲ್ಲಿ ಪಾಲಘಾಟ ದೇವಿ ಇರುತ್ತಾಳೆ. ಸುತ್ತಣ ಅಲಂಕಾರವೆಲ್ಲ ನಮ್ಮ ನೋಟವನ್ನು ಅವಳತ್ತಲೇ ತಿರುಗಿಸುತ್ತದೆ. ಈ ಜೋಡಣೆಗೆ ಸಂಯೋಜನೆ ಎಂಬ ಹೆಸರು. ಏನನ್ನೂ ಬರೆಯದೆ ಉಳಿಸಿದ ಕೆಂಪು ನೆಲವನ್ನು ಮರೆಯಬೇಡಿ. ಬಿಳಿಯಷ್ಟೇ ಅದೂ ಚಿತ್ರವನ್ನು ಹೊತ್ತಿದೆ. ಕಲಾವಿದರು ಅದನ್ನು ಅವಕಾಶ ಎನ್ನುತ್ತಾರೆ.

ಸುವಾಸಿನಿಯರು ಮದುವೆಗಾಗಿ ಬರೆಯುತ್ತಿದ್ದ ಈ ಚಿತ್ರವನ್ನು ನಿತ್ಯದ ಕಾಯಕವಾಗಿಸಿಕೊಂಡು ಕಾಗದಕ್ಕೆ, ಬಟ್ಟೆಗೆ ತಂದವರು ಜಿವ್ಯಾ ಸೋಮಾ ಮಾಶೆ (1934–2018). ಪದ್ಮಶ್ರೀ ಅವರಿಗೆ ಬಂದದ್ದು 2011ರಲ್ಲಿ. ಅವರು ಮೀನುಬಲೆಯನ್ನು ಚಿತ್ರಿಸುವಾಗ ಸಣ್ಣ ಸಣ್ಣ ಗೆರೆಗಳೇ ಒತ್ತಾಗಿ ಸೇರಿ ಇಡೀ ಹಾಳೆಯನ್ನು ಆವರಿಸುತ್ತವೆ. ಮುಟ್ಟಿದರೆ ಕೈಗೆ ತಾಕೀತು ಎನ್ನಿಸುವ ಈ ಗುಣವೇ ಮೈವಳಿಕೆ.

ಸಾಗರ, ಸಿರ್ಸಿ ಕಡೆಯಿಂದ ಬಂದವರಿಗೆ ಇಷ್ಟು ಹೊತ್ತಿಗೆ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ ನೆನಪಾಗಿರಬೇಕು. ಅಲ್ಲೂ ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಮದುವೆಯ ಸಡಗರ, ಬರೆಯುವವರು ಹೆಂಗಸರು. ಆದರೂ ಎರಡನ್ನೂ ಒಂದೇ ಎನ್ನುವುದು ಅವಸರದ ಮಾತು. ಪುಂಡಿ ನಾರಿನ ಕುಂಚದಿಂದ ಎಳೆಯುವ ಚಿತ್ತಾರದಲ್ಲಿ ಗೆರೆಯದೇ ದೊರೆತನ. ಎಳೆಗೆ ಎಳೆ ಸೇರಿ ಗೋಡೆ ಚಾಪೆಯ ಹೆಣಿಗೆಯಂತಾಗುತ್ತದೆ. ವಾರ್ಲಿಯಲ್ಲಿ ತುಂಬಿದ ಆಕಾರ ಮುಂದೆ ನಿಲ್ಲುತ್ತದೆ. ಆಕಾರ, ಗೆರೆ ಎಂಬ ಎರಡು ಮಾತು ಕೈಯಲ್ಲಿದ್ದರೆ ಸಾಕು, ಈ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ.

ಗೆರೆಯ ಮಾತು ಬಂದಾಗ ಮುಂಬಯಿ ಕನ್ನಡಿಗರು ಕಲಾವಿದ ಕೆ.ಕೆ. ಹೆಬ್ಬಾರರನ್ನು ನೆನೆಯದಿರುವುದು ಹೇಗೆ? 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಅವರು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, 1996ರವರೆಗೆ ಮುಂಬಯಿಯಲ್ಲೇ ಬಾಳಿದರು. ಲಯವನ್ನು ಮೈಯಿಂದಲೇ ಅರಿಯಲು ಕಥಕ್ ಕಲಿತರು. ಅವರು ಬರೆದ ನರ್ತಕಿಯರಿಗೆ ಮೂಗು, ಕಣ್ಣು ಇರಲೇಬೇಕೆಂದಿಲ್ಲ. ಒಂದೇ ಎಳೆತದ ಗೆರೆ ತೋಳಾಗಿ ಏರಿ, ನಡುವಾಗಿ ಬಾಗಿ, ಹೆಜ್ಜೆಯಾಗಿ ನಿಲ್ಲುತ್ತದೆ. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’.

ಈ ಮಾತುಗಳನ್ನು ಬಳಸಿ ಚಿತ್ರ ನೋಡಲು ದೂರ ಹೋಗಬೇಕಿಲ್ಲ. ವಾಶಿಯಿಂದ ಹಾರ್ಬರ್ ಲೈನಿನ ಸಿಎಸ್‌ಎಂಟಿ ಗಾಡಿ ಹತ್ತಿದರೆ, ಇಳಿದ ಮೇಲೆ ಕಾಲಾ ಘೋಡಾಗೆ ನಡೆದೇ ಹೋಗಬಹುದು. 1952ರಿಂದ ನಡೆಯುತ್ತಿರುವ ಜಹಾಂಗೀರ್ ಆರ್ಟ್ ಗ್ಯಾಲರಿ ಅಲ್ಲಿದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಲಾವಿದನ ಹೆಸರಿನ ಚೀಟಿ ಓದುವ ಮೊದಲು ಮಕ್ಕಳನ್ನು ಕೇಳಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು? ಯಾವ ಬಣ್ಣ ಮುಂದೆ ಬರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ? ಗೆರೆ ಎಲ್ಲಿ ಅವಸರ ಮಾಡಿದೆ? ಯಾವ ಜಾಗವನ್ನು ಖಾಲಿ ಬಿಟ್ಟಿದ್ದಾರೆ, ಅಲ್ಲಿ ಏನಾದರೂ ಬರೆದಿದ್ದರೆ ಚಿತ್ರ ಏನಾಗುತ್ತಿತ್ತು?