ಮೀನಿನ ತೊಟ್ಟಿಗೆ ಆಮೆ ಬೇಡ

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ಈಗ ದೊಡ್ಡ ಶಹರಗಳವರ ಹವ್ಯಾಸವಾಗಿ ಮಾತ್ರ ಉಳಿದಿಲ್ಲ. ಹುಮನಾಬಾದ್ ಇರುವುದೇ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲೆ. ಬಸವಕಲ್ಯಾಣಕ್ಕೂ ಆ ಹೆದ್ದಾರಿ ದೂರವಲ್ಲ. ಹೈದರಾಬಾದಿಗೆ ಹೋದವರು ಮಕ್ಕಳಿಗೆಂದು ಮೀನಿನ ಜೊತೆಗೆ ಅಂಗೈ ತುಂಬದಷ್ಟು ಚಿಕ್ಕ ಹಸಿರು ಆಮೆಮರಿಯನ್ನೂ ತರುವುದು ಕಷ್ಟವೇನಲ್ಲ. ಆಮೆ ಮನೆಯಲ್ಲಿದ್ದರೆ ಶುಭವೆಂಬ ನಂಬಿಕೆಯೂ ಜೊತೆಗೂಡುತ್ತದೆ. ಮೀನಿನ ತೊಟ್ಟಿ ಹೇಗೂ ಇದೆ, ಅದರಲ್ಲೇ ಬಿಟ್ಟರಾಯಿತು ಎಂದುಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಂದಲೇ.

ರೋಗಾಣು ಬರುವುದು ಹೇಗೆ?

ಆಮೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಮಾನ್ಯವಾಗಿ ಇರುತ್ತದೆ. ಅದರಿಂದ ಆಮೆಗೆ ಯಾವ ಕಾಯಿಲೆಯೂ ಕಾಣಿಸುವುದಿಲ್ಲ. ಚುರುಕಾಗಿ ಓಡಾಡಿಕೊಂಡು, ಚೆನ್ನಾಗಿ ತಿನ್ನುತ್ತಿರುವ ಆಮೆಯೂ ತನ್ನ ಹಿಕ್ಕೆಯಲ್ಲಿ ರೋಗಾಣುವನ್ನು ಹೊರಹಾಕುತ್ತಿರುತ್ತದೆ. ಅದು ನೀರಿಗೆ, ನೀರಿನಿಂದ ಆಮೆಯ ಚಿಪ್ಪಿಗೆ, ತೊಟ್ಟಿಯ ಕಲ್ಲಿಗೆ, ಕೊನೆಗೆ ನಮ್ಮ ಕೈಗೆ ಅಂಟುತ್ತದೆ. ಅದೇ ಕೈ ಬಾಯಿಗೆ ಹೋದರೆ ರೋಗ ಹತ್ತಿತೆಂದೇ ತಿಳಿಯಿರಿ. ತೊಟ್ಟಿಯ ಫಿಲ್ಟರು ಕಸವನ್ನು ಹಿಡಿಯಬಲ್ಲದೇ ಹೊರತು ಈ ರೋಗಾಣುವನ್ನು ತಡೆಯಲಾರದು. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಾಗಿದೆ ಎನ್ನುವಂತಿಲ್ಲ.

ಟೈಫಾಯ್ಡ್ ತರುವುದೂ ಇದೇ ಜಾತಿಯ ರೋಗಾಣು. ಆದರೆ ಟೈಫಾಯ್ಡಿನ ರೋಗಾಣು ಮನುಷ್ಯರಿಂದ ಮನುಷ್ಯರಿಗೆ ಬರುತ್ತದೆ. ಆಮೆಯಿಂದ ಬರುವುದು ಅದರ ದಾಯಾದಿ. ಇದರಿಂದ ಮುಖ್ಯವಾಗಿ ವಾಂತಿ-ಭೇದಿ ಆಗುತ್ತದೆ.

ಅಮೆರಿಕದಲ್ಲಿ ಚಿಕ್ಕ ಆಮೆಗಳಿಂದ ಮಕ್ಕಳಿಗೆ ಈ ರೋಗ ಎಷ್ಟು ಹಬ್ಬಿತೆಂದರೆ, 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನೇ ಸರ್ಕಾರ ನಿಷೇಧಿಸಿತು. ಇದರಿಂದ ವರ್ಷಕ್ಕೆ ಸುಮಾರು 1 ಲಕ್ಷ ಮಕ್ಕಳು ಕಾಯಿಲೆಯಿಂದ ಪಾರಾದರೆಂದು ಅಂದಾಜು. ಹಾಗಿದ್ದೂ 2007ರಲ್ಲಿ ಫ್ಲೋರಿಡಾದಲ್ಲಿ ಸುಮಾರು ಮೂರು ವಾರದ ಕೂಸೊಂದು ಇದೇ ಸೋಂಕಿನಿಂದ ತೀರಿಕೊಂಡಿತು. ಮನೆಯಲ್ಲಿದ್ದ ಪುಟ್ಟ ಆಮೆಯಲ್ಲೂ ಅದೇ ತಳಿಯ ರೋಗಾಣು ಸಿಕ್ಕಿತು. ಆ ವಯಸ್ಸಿನ ಕೂಸು ಆಮೆಯನ್ನು ಎತ್ತಿ ಆಡುವುದಿಲ್ಲ. ಆಮೆ ಮುಟ್ಟಿದ ದೊಡ್ಡವರ ಕೈಯಿಂದಲೂ ರೋಗಾಣು ತೊಟ್ಟಿಲು ಸೇರಬಹುದೆಂಬುದನ್ನು ತಾಯಂದಿರು ನೆನಪಿಡಬೇಕು.

ಮೀನಿಗೂ ಹಿತವಲ್ಲ

ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕಣ್ಣಿನ ಹಿಂದೆ ಕೆಂಪು ಪಟ್ಟಿಯಿರುವ, ಅಮೆರಿಕ ಮೂಲದ ಆಮೆ. ಮರಿಯಾಗಿದ್ದಾಗ ಇದು ಹೆಚ್ಚಾಗಿ ಮಾಂಸಾಹಾರಿ. ಮೀನಿನ ರೆಕ್ಕೆ ಕಚ್ಚುತ್ತದೆ, ಸಿಕ್ಕರೆ ಚಿಕ್ಕ ಮೀನನ್ನು ನುಂಗುತ್ತದೆ. ಮೀನಿಗಿಂತ ಬಹಳ ಹೆಚ್ಚು ಹೊಲಸು ಮಾಡುವುದರಿಂದ ನೀರಿನಲ್ಲಿ ಅಮೋನಿಯಾ ಏರಿ ಮೀನುಗಳು ಸಾಯುತ್ತವೆ. ಆಮೆಗೂ ಸುಖವಿಲ್ಲ. ಅದಕ್ಕೆ ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳಲು ಜಾಗ ಬೇಕು, ನೇರ ಬಿಸಿಲು ಬೇಕು. ಗಾಜಿನ ಮೂಲಕ ಬರುವ ಬಿಸಿಲು ಸಾಲದು. ಬಿಸಿಲಿಲ್ಲದಿದ್ದರೆ ಅದರ ಎಲುಬು, ಚಿಪ್ಪು ಮೆತ್ತಗಾಗುತ್ತವೆ. ಬದುಕಿದರೆ ಒಂದು ಅಡಿಯವರೆಗೂ ಬೆಳೆದು, 20–30 ವರ್ಷ ಬಾಳುತ್ತದೆ. ಇಂದು ಮಗು ಆಡಲು ಕೇಳಿದ ಆಮೆ, ಆ ಮಗು ಮದುವೆಯಾಗಿ ಹೋದ ಮೇಲೂ ಮನೆಯಲ್ಲೇ ಇರುತ್ತದೆ.

ಲಕ್ಷಣಗಳು ಮತ್ತು ಆರೈಕೆ

ರೋಗಾಣು ಹೊಟ್ಟೆ ಸೇರಿದ 6 ಗಂಟೆಯಿಂದ 6 ದಿನದೊಳಗೆ ಜ್ವರ, ಹೊಟ್ಟೆ ನುಲಿತ, ಭೇದಿ, ಕೆಲವೊಮ್ಮೆ ವಾಂತಿ ಕಾಣಿಸುತ್ತವೆ. ಹೆಚ್ಚಿನವರಿಗೆ 4ರಿಂದ 7 ದಿನದಲ್ಲಿ ತಾನಾಗಿ ಗುಣವಾಗುತ್ತದೆ. ಆದರೆ 5 ವರ್ಷದೊಳಗಿನ ಮಕ್ಕಳು, 65 ದಾಟಿದ ಹಿರಿಯರು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ರೋಗಾಣು ರಕ್ತ ಸೇರಿ ಪ್ರಾಣಕ್ಕೇ ಅಪಾಯ ತರಬಹುದು.

ಭೇದಿ ಶುರುವಾದ ಕೂಡಲೇ ಓ.ಆರ್.ಎಸ್. ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ಔಷಧದ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಆಗಲಿ, ಭೇದಿ ಕಟ್ಟುವ ಮಾತ್ರೆಯಾಗಲಿ ಕೊಡಬೇಡಿ. ಮಲದಲ್ಲಿ ರಕ್ತ, ಇಳಿಯದ ಜ್ವರ, ಮೂತ್ರ ಕಡಿಮೆಯಾಗುವುದು, ಕಣ್ಣು ಗುಳಿಬೀಳುವುದು, ಮಗು ಮಂಕಾಗುವುದು — ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂರು ತಿಂಗಳೊಳಗಿನ ಕೂಸಾದರೆ ಕಾಯುವುದೇ ಬೇಡ. ಮನೆಯಲ್ಲಿ ಆಮೆ ಇದೆಯೆಂದು ವೈದ್ಯರಿಗೆ ಮರೆಯದೆ ಹೇಳಿ.

ಈಗಾಗಲೇ ಮನೆಯಲ್ಲಿದ್ದರೆ

• ಆಮೆಯನ್ನು ಮೀನಿನಿಂದ ಬೇರ್ಪಡಿಸಿ, ಬೇರೆ ತೊಟ್ಟಿಯಲ್ಲಿಡಿ.
• ಆಮೆಯನ್ನಾಗಲಿ ತೊಟ್ಟಿಯ ನೀರನ್ನಾಗಲಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ.
• ತೊಟ್ಟಿಯ ನೀರನ್ನು ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವಲ್ಲಿ ಚೆಲ್ಲಬೇಡಿ. ಕುಡಿಯುವ ನೀರಿನ ಕೊಡ, ಬಕೆಟ್ಟುಗಳನ್ನು ಈ ಕೆಲಸಕ್ಕೆ ಬಳಸಬೇಡಿ.
• 5 ವರ್ಷದೊಳಗಿನ ಮಕ್ಕಳ ಕೈಗೆ ಆಮೆ ಕೊಡಬೇಡಿ. ಮುತ್ತಿಡುವುದಂತೂ ಕೂಡದು.
• ಕೈಯಲ್ಲಿ ಗಾಯವಿದ್ದರೆ ಮೀನಿನ ತೊಟ್ಟಿಗೂ ಕೈ ಹಾಕಬೇಡಿ. ಆ ನೀರಿನಲ್ಲಿರುವ, ಕ್ಷಯದ ರೋಗಾಣುವಿನ ಕುಲಕ್ಕೆ ಸೇರಿದ ಒಂದು ರೋಗಾಣುವಿನಿಂದ ಕೈಯಲ್ಲಿ ವಾರಗಟ್ಟಲೆ ಮಾಯದ ಗಂಟುಗಳು ಏಳಬಹುದು.
• ಔಷಧಿ ಹಾಕಿ ಆಮೆಯನ್ನು ರೋಗಾಣುಮುಕ್ತ ಮಾಡಲು ಹೋಗಬೇಡಿ. ಅದು ಸಾಧ್ಯವಾಗುವುದಿಲ್ಲ.

ಕೆರೆಯ ಆಮೆ, ಕೆರೆಗೆ ಆಮೆ

ನಮ್ಮ ಕೆರೆ, ಹೊಂಡಗಳ ಮೆತ್ತನೆ ಚಿಪ್ಪಿನ ಆಮೆಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇವೆರಡೂ ಮೊದಲ ಪಟ್ಟಿಯಲ್ಲಿವೆ. ಶಿಕ್ಷೆ 3ರಿಂದ 7 ವರ್ಷಗಳ ಸೆರೆವಾಸ. ಇಂಥ ಆಮೆ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.

ಇನ್ನು, ಸಾಕಿ ಬೇಸತ್ತವರು ವಿದೇಶಿ ಆಮೆಯನ್ನು ಪುಣ್ಯ ಬರಲೆಂದು ಬಸವಕಲ್ಯಾಣದ ತ್ರಿಪುರಾಂತ ಕೆರೆಗೋ ಕಾರಂಜಾ ಜಲಾಶಯಕ್ಕೋ ಬಿಡುವುದು ಸಲ್ಲದು. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮ ಆಮೆಗಳ ಆಹಾರ, ಜಾಗ ಎರಡನ್ನೂ ಇದು ಕಸಿಯುತ್ತದೆ. ಇಟ್ಟುಕೊಳ್ಳಲು ಆಗದಿದ್ದರೆ ಪಶುವೈದ್ಯರನ್ನೋ ಅರಣ್ಯ ಇಲಾಖೆಯವರನ್ನೋ ಕೇಳಿ. ಪಶುವೈದ್ಯಕೀಯ ವಿಶ್ವವಿದ್ಯಾಲಯ ನಮ್ಮ ಬೀದರಿನಲ್ಲೇ ಇದೆ. ಸಲಹೆಗೆ ದೂರ ಹೋಗಬೇಕಿಲ್ಲ.

ಮಕ್ಕಳಿಗೆ ಜೀವಿಗಳ ಮೇಲೆ ಪ್ರೀತಿ ಬೆಳೆಯಬೇಕೆಂಬುದು ಒಳ್ಳೆಯ ಆಸೆಯೇ. ಅದಕ್ಕೆ ನಾಲ್ಕು ಮೀನು ಸಾಕು. ಚಿಕ್ಕ ಮಕ್ಕಳಿರುವ ಮನೆಯವರು ಆಮೆಯನ್ನು ತರದಿರುವುದೇ ಲೇಸು.