ಹಿತ್ತಲಲ್ಲಿ ಪುಟ್ಟ ಮನೆ: ಅಡ್ವಾನ್ಸ್ ಕೊಡೋ ಮುಂಚೆ ಏನೇನು ಕೇಳಬೇಕು?

ಇವತ್ತಿನ ಸಂಚಿಕೆ ಮನೆ ಕಟ್ಟಿಸೋದರ ಬಗ್ಗೆ. ದೊಡ್ಡ ಬಂಗಲೆ ಅಲ್ಲ. ಇರೋ ಮನೆಯ ಹಿಂದೆ, ಹಿತ್ತಲಲ್ಲಿ, ಇನ್ನೊಂದು ಪುಟ್ಟ ಮನೆ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು, ಅಷ್ಟೆ. ಅಜ್ಜಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತಲೋ, ತಮ್ಮನ ಮದುವೆ ಆಯ್ತು ಅಂತಲೋ, ತಿಂಗಳಿಗೆ ಬಾಡಿಗೆ ಬಂದ್ರೆ ಅಪ್ಪನ ಪೆನ್ಷನ್‌ಗೆ ಆಸರೆ ಆಗುತ್ತೆ ಅಂತಲೋ, ಮೈಸೂರು, ತುಮಕೂರು, ದಾವಣಗೆರೆಯಂಥ ಊರುಗಳಲ್ಲಿ ಇಂಥ ಮನೆಗಳು ಏಳ್ತಾನೇ ಇರುತ್ತವೆ.

'ಅದೆಲ್ಲ ಅಪ್ಪ ಅಮ್ಮ ನೋಡ್ಕೋತಾರೆ, ನನಗ್ಯಾಕೆ' ಅಂದ್ಕೋಬೇಡಿ. ಹಾಕೋ ದುಡ್ಡು ಅಪ್ಪನ ರಿಟೈರ್‌ಮೆಂಟ್‌ನದ್ದು, ಇಲ್ಲಾಂದ್ರೆ ನಿಮ್ಮ ಸಂಬಳದಿಂದ ಹೋಗೋ ಇಎಂಐ. ಕೊಟೇಶನ್ ಹೋಲಿಸೋದು, ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ ಇಡೋದು, ಫೋಟೊ ತೆಗೆಯೋದು ನಿಮಗೆ ಚೆನ್ನಾಗಿ ಬರುತ್ತೆ. ಹಾಗಾಗಿ ಕೆಲಸ ಯಾರ ಕೈಗೆ ಕೊಡಬೇಕು ಅನ್ನೋದನ್ನ ಇವತ್ತು ಹಂತ ಹಂತವಾಗಿ ನೋಡೋಣ.

ಮೊದಲು ಕಾಗದ, ಆಮೇಲೆ ಕಾಂಟ್ರಾಕ್ಟರ್

ಹಿತ್ತಲು ನಮ್ಮದೇ ಆದ್ರೂ ಅಲ್ಲಿ ಕಟ್ಟೋಕೆ ಅನುಮತಿ ಬೇಕು. ಸೈಟಿನ ಸುತ್ತ ಎಷ್ಟು ಜಾಗ ಬಿಡಬೇಕು, ಒಟ್ಟು ಎಷ್ಟು ಭಾಗದಲ್ಲಿ ಕಟ್ಟಬಹುದು ಅನ್ನೋ ಲೆಕ್ಕದಲ್ಲಿ ಹಳೇ ಮನೆ, ಹೊಸ ಮನೆ ಎರಡೂ ಸೇರುತ್ತವೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಕಟ್ಟಡ ನಿಯಮದಂತೆ ಮುಗಿದಿದೆ ಅನ್ನೋ ಪ್ರಮಾಣಪತ್ರ ನೋಡಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಹೇಳಿದೆ. ನಿಮ್ಮ ಅಳತೆಯ ಸೈಟಿಗೆ ಏನು ನಿಯಮ, ವಿನಾಯಿತಿ ಇದೆಯಾ ಅನ್ನೋದನ್ನ ನಿಮ್ಮ ಊರಿನ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯಲ್ಲೂ ವಿದ್ಯುತ್ ಕಚೇರಿಯಲ್ಲೂ ಮೊದಲೇ ಕೇಳಿ.

ಇದನ್ನ ಯಾಕೆ ಮೊದಲು ಹೇಳ್ತಿದೀನಿ ಅಂದ್ರೆ, ಕಾಂಟ್ರಾಕ್ಟರ್‌ನ ಅಳೆಯೋಕೆ ಇದೇ ಮೊದಲ ಪ್ರಶ್ನೆ. 'ಪ್ಲಾನ್ ಗೀನ್ ಏನೂ ಬೇಡ ಬಿಡಿ ಸಾರ್, ನಾನು ನೋಡ್ಕೋತೀನಿ' ಅಂದವರನ್ನ ಅಲ್ಲೇ ಬಿಡಿ. ನಾಳೆ ನೋಟಿಸ್ ಬಂದ್ರೆ ಅದರ ಮೇಲಿರೋದು ನಿಮ್ಮ ಅಪ್ಪನ ಹೆಸರು, ಅವರದ್ದಲ್ಲ.

ಹಿತ್ತಲಿಗೆ ಬಂದು ನೋಡಿದ್ರಾ?

ಖಾಲಿ ಸೈಟಲ್ಲಿ ಕಟ್ಟೋದೇ ಬೇರೆ, ಹಿತ್ತಲಲ್ಲಿ ಕಟ್ಟೋದೇ ಬೇರೆ. ಪಕ್ಕದ ಓಣಿ ಮೂರಡಿ ಇದ್ರೆ ಲಾರಿ ಹೋಗಲ್ಲ. ಇಟ್ಟಿಗೆ, ಜಲ್ಲಿ, ಎಂ-ಸ್ಯಾಂಡ್ ಎಲ್ಲ ರಸ್ತೇಲಿ ಇಳಿಸಿ ಬಾಂಡ್ಲೀಲಿ ಹೊರಬೇಕು. ಅದಕ್ಕೆ ಕೂಲಿ ಬೇರೆ. ಹಳೇ ಮನೆಯ ಗೋಡೆ ಪಕ್ಕದಲ್ಲೇ ಪಾಯ ತೆಗೆದ್ರೆ ಆ ಗೋಡೆಗೆ ಪೆಟ್ಟು ಬೀಳಬಹುದು. ಹಿಂದೆ ಮುಚ್ಚಿದ ಬಾವಿ, ಹಳೇ ಕಕ್ಕಸು ಗುಂಡಿ ಇದ್ರೆ ಅಲ್ಲಿ ಮಣ್ಣು ಸಡಿಲ.

ಒಳ್ಳೇ ಮೇಸ್ತ್ರಿ ರೇಟ್ ಹೇಳೋ ಮುಂಚೆ ಓಣಿ ಅಳೀತಾರೆ. 'ಇಲ್ಲಿ ಮೊದಲು ಏನಿತ್ತು?' ಅಂತ ಮನೇಲಿರೋ ಹಿರಿಯರನ್ನ ಕೇಳ್ತಾರೆ. ಕೊಳಚೆ ನೀರಿನ ಪೈಪ್ ಎಲ್ಲಿಂದ ಹೋಗುತ್ತೆ, ರಸ್ತೆಯ ಚರಂಡಿಗೆ ಇಳಿಜಾರು ಸಿಗುತ್ತಾ ಅಂತ ನೋಡ್ತಾರೆ. ಫೋನಲ್ಲೇ 'ಚದರಕ್ಕೆ ಇಷ್ಟು' ಅಂತ ಹೇಳಿಬಿಡೋರು ಇದ್ಯಾವುದನ್ನೂ ಲೆಕ್ಕಕ್ಕೆ ತಗೊಂಡಿರಲ್ಲ. ಆ ಲೆಕ್ಕ ಅರ್ಧ ಕೆಲಸದಲ್ಲಿ ನಿಮ್ಮ ಮುಂದೆ ಬರುತ್ತೆ.

ಚದರದ ಲೆಕ್ಕ

ನಮ್ಮ ಕಡೆ ಮೇಸ್ತ್ರಿಗಳು ಮಾತಾಡೋದು ಚದರದಲ್ಲಿ. ಒಂದು ಚದರ ಅಂದ್ರೆ 100 ಚದರ ಅಡಿ. ಐದು ಚದರದ ಮನೆ ಅಂದ್ರೆ 500 ಚದರ ಅಡಿ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರೋದು, ಯಾವುದನ್ನೆಲ್ಲ ಅಳತೆಗೆ ಸೇರಿಸ್ತಾರೆ ಅನ್ನೋದು.

ಒಂದು ಉದಾಹರಣೆ ತಗೊಳ್ಳಿ. ಇದು ಮಾರ್ಕೆಟ್ ರೇಟ್ ಅಲ್ಲ, ಲೆಕ್ಕ ಸುಲಭ ಆಗಲಿ ಅಂತ ಅಷ್ಟೆ. ಮೊದಲನೆಯವರು ಚದರ ಅಡಿಗೆ ₹2,000 ಅಂದ್ರು. 500 ಅಡಿಗೆ ₹10 ಲಕ್ಷ, ಸಂಪು ಸೇರಿ. ಎರಡನೆಯವರು ₹1,800 ಅಂದ್ರು. ₹9 ಲಕ್ಷ ಆಯ್ತು, ಒಂದು ಲಕ್ಷ ಉಳೀತು ಅಂತ ಖುಷಿ. ಆದ್ರೆ ಅವರು ಸಜ್ಜಾ, ಮುಂದಿನ ಪೋರ್ಟಿಕೊ ಎಲ್ಲ ಅಳತೆಗೆ ಹಾಕ್ತಾರೆ. ಅದು 60 ಅಡಿ ಆಯ್ತು ಅಂದ್ಕೊಳ್ಳಿ. 560 ಅಡಿಗೆ ₹10,08,000. ಸಂಪು ಇನ್ನೂ ಬೇರೆ! ಕಡಿಮೆ ಅಂತ ಹೇಳಿದ ಕೊಟೇಶನ್ನೇ ಜಾಸ್ತಿ ಆಯ್ತು.

ಹಾಗಾಗಿ ಮೂರು ಜನರಿಗೆ ಒಂದೇ ಡ್ರಾಯಿಂಗ್, ಒಂದೇ ಪಟ್ಟಿ ಕೊಡಿ. ಸಂಪು ಎಷ್ಟು ಲೀಟರ್, ಪಿಟ್ ಸೇರಿದೆಯಾ, ವೈರಿಂಗ್ ಎಷ್ಟು ಪಾಯಿಂಟ್, ಟೈಲ್ಸ್ ಅಡಿಗೆ ಎಷ್ಟು ರೂಪಾಯಿವರೆಗೆ, ಬಾಗಿಲು ಯಾವ ಮರ, ಪೇಂಟ್ ಎಷ್ಟು ಕೋಟ್, ಕಸ ಸಾಗಿಸೋದು ಯಾರು, ಜಿಎಸ್‌ಟಿ ಸೇರಿದೆಯಾ. ಪ್ರತಿ ಸಾಲಿನ ಮುಂದೆ 'ಸೇರಿದೆ' ಅಥವಾ 'ಸೇರಿಲ್ಲ' ಅಂತ ಬರೆಸಿಕೊಳ್ಳಿ. ಆಮೇಲೆ ಹೋಲಿಸಿ.

ಮೂರರಲ್ಲಿ ಒಂದು ರೇಟ್ ಉಳಿದೆರಡಕ್ಕಿಂತ ತುಂಬಾ ಕೆಳಗಿದ್ರೆ ಅನುಮಾನ ಪಡಿ. ಮೇಸ್ತ್ರಿಗೂ ಸಂಸಾರ ಇದೆ, ಕೂಲಿಯವರಿಗೆ ಬಟವಾಡೆ ಕೊಡಬೇಕು. ನಷ್ಟದಲ್ಲಿ ಯಾರೂ ಕೆಲಸ ಮಾಡಲ್ಲ. ಒಂದೋ ಸಿಮೆಂಟು ಕಡಿಮೆ ಆಗುತ್ತೆ, ಇಲ್ಲಾ ಕೆಲಸ ಅರ್ಧಕ್ಕೆ ನಿಲ್ಲುತ್ತೆ.

ಲೇಬರ್ ಕಾಂಟ್ರಾಕ್ಟಾ, ಮೆಟೀರಿಯಲ್ ಸಮೇತಾನಾ?

ಲೇಬರ್ ಕಾಂಟ್ರಾಕ್ಟ್ ಅಂದ್ರೆ ಸಾಮಾನು ನಿಮ್ಮದು, ಕೆಲಸ ಅವರದು. ಸಿಮೆಂಟು, ಕಬ್ಬಿಣ ಯಾವುದು ಅಂತ ನಿಮಗೆ ಗೊತ್ತಿರುತ್ತೆ. ಆದ್ರೆ ದಿನಾ ಯಾರಾದ್ರೂ ಅಲ್ಲಿರಬೇಕು. ಸಾಮಾನು ತಡವಾದ್ರೆ ಆಳುಗಳು ಬೇರೆ ಕೆಲಸಕ್ಕೆ ಹೋಗ್ತಾರೆ. ಊರಲ್ಲಿ ಅಪ್ಪ ಆರೋಗ್ಯವಾಗಿದ್ದು ಓಡಾಡೋ ಹಾಗಿದ್ರೆ ಇದು ಸರಿ. ನೀವು ಬೆಂಗಳೂರಲ್ಲಿ, ಮನೇಲಿ ವಯಸ್ಸಾದವರು ಮಾತ್ರ ಅಂದ್ರೆ ಮೆಟೀರಿಯಲ್ ಸಮೇತ ಕೊಡೋದು ವಾಸಿ. ಆಗ ಪಟ್ಟಿಯಲ್ಲಿ ಸಿಮೆಂಟ್, ಕಬ್ಬಿಣದ ಬ್ರ್ಯಾಂಡ್, ಗ್ರೇಡ್ ಬರೆದಿರಲೇಬೇಕು. 'ಒಳ್ಳೇ ಕ್ವಾಲಿಟಿ' ಅಂತ ಬರೆದ್ರೆ ಅದಕ್ಕೆ ಅರ್ಥವೇ ಇಲ್ಲ.

ಮುಗಿದ ಮನೆ ಒಂದು, ನಡೀತಿರೋ ಕೆಲಸ ಒಂದು

ಹೊಸದಾಗಿ ಬಣ್ಣ ಹೊಡೆದ ಮನೆ ಎಲ್ಲವೂ ಚೆಂದವೇ. ಎರಡು ಮಳೆಗಾಲ ಕಂಡ ಮನೆ ತೋರಿಸಿ ಅಂತ ಕೇಳಿ. ಬಚ್ಚಲಿನ ಹಿಂದಿನ ಗೋಡೆ, ತಾರಸಿಯ ಕೆಳಭಾಗ, ಕಿಟಕಿಯ ಮೂಲೆ ನೋಡಿ. ಆ ಮನೆಯವರನ್ನ ಮೂರೇ ಪ್ರಶ್ನೆ ಕೇಳಿ: ಹೇಳಿದ ದುಡ್ಡಿಗೆ ಮುಗೀತಾ? ಹೇಳಿದ ಟೈಮಿಗೆ ಮುಗೀತಾ? ಸೋರಿಕೆ ಬಂದಾಗ ಕರೆದ್ರೆ ಬಂದ್ರಾ? ಮೂರನೇದಕ್ಕೆ ಸಿಗೋ ಉತ್ತರವೇ ಮುಖ್ಯ.

ಆಮೇಲೆ ಈಗ ನಡೀತಿರೋ ಕೆಲಸ ಒಂದನ್ನ ಹೇಳದೇ ಹೋಗಿ ನೋಡಿ. ಮೋಲ್ಡ್ ಹಾಕಿದ ಮೇಲೆ ನೀರು ಕಟ್ಟಿದಾರಾ? ಭಾರತೀಯ ಮಾನಕ ಐಎಸ್ 456 ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿ ಥರದ್ದಕ್ಕೆ 10 ದಿನ ಕ್ಯೂರಿಂಗ್ ಬೇಕು. ಬಿಸಿಲು ಜೋರಿದ್ದು ಒಣ ಹವೆ ಇದ್ರೆ ಇನ್ನೂ ಜಾಸ್ತಿ. ಕಂಬಿ ಹಲಗೆಗೆ ತಾಗದ ಹಾಗೆ ಕೆಳಗೆ ಕವರ್ ಬ್ಲಾಕ್ ಇಟ್ಟಿದಾರಾ? ಇಡದೇ ಹೋದ್ರೆ ಕೆಲವು ವರ್ಷಕ್ಕೆ ಕಂಬಿ ತುಕ್ಕು ಹಿಡಿದು ತಾರಸಿಯ ಗಾರೆ ಉದುರುತ್ತೆ. ಇಂಥ ಸಣ್ಣ ಕೆಲಸ ಯಾರೂ ನೋಡದಿದ್ದಾಗಲೂ ಮಾಡೋರು ನಿಮ್ಮ ಮನೇಲೂ ಮಾಡ್ತಾರೆ.

ದುಡ್ಡು ಕೆಲಸದ ಹಿಂದೆ ಹೋಗಲಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹಿತ್ತಲ ಮನೆಗಳ ಭರಾಟೆ ಜೋರು. ಅಲ್ಲಿ ಕಾಂಟ್ರಾಕ್ಟರ್‌ಗೆ ಸರ್ಕಾರಿ ಲೈಸೆನ್ಸ್ ಇರಬೇಕು, ನಂಬರ್ ಹಾಕಿದ್ರೆ ಆನ್‌ಲೈನಲ್ಲಿ ಅವರ ಜಾತಕ ಸಿಗುತ್ತೆ. ಮನೆ ಸುಧಾರಣೆಯ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಮುಂಗಡ 1,000 ಡಾಲರ್ ಅಥವಾ ಒಪ್ಪಂದದ ಶೇ 10, ಯಾವುದು ಕಡಿಮೆಯೋ ಅಷ್ಟನ್ನ ದಾಟೋ ಹಾಗಿಲ್ಲ. ನಮ್ಮಲ್ಲಿ ಮನೆ ಕಟ್ಟಿಸೋರ ಮುಂಗಡಕ್ಕೆ ಹಾಗೆ ಮಿತಿ ಹಾಕೋ ಕಾನೂನು ಇಲ್ಲ. ಆ ಮಿತಿಯನ್ನ ನೀವೇ ಹಾಕ್ಕೋಬೇಕು.

ಒಂದು ಮಾದರಿ ಹೇಳ್ತೀನಿ. ಮುಂಗಡ ಶೇ 5. ಪಾಯ ಮುಗಿದ ಮೇಲೆ 15. ಲಿಂಟಲ್ ಆದ ಮೇಲೆ 20. ಮೋಲ್ಡ್ ಆದ ಮೇಲೆ 25. ಗಾರೆ ಮುಗಿದ ಮೇಲೆ 15. ಫಿನಿಶಿಂಗ್ ಆದ ಮೇಲೆ 15. ಕೊನೇ ಶೇ 5 ಒಂದು ಮಳೆಗಾಲ ಕಳೆದು ಸೋರಿಕೆ ಇಲ್ಲ ಅಂತ ಗೊತ್ತಾದ ಮೇಲೆ. ಹಂತ ಮುಗಿದ ದಿನವೇ ದುಡ್ಡು ಕೊಡಿ, ಸತಾಯಿಸಬೇಡಿ. ಎಷ್ಟೋ ಕೆಲಸ ನಿಲ್ಲೋದು ಮನೆಯವರು ದುಡ್ಡು ತಡ ಮಾಡಿದ್ದಕ್ಕೇ. ಕೊಡೋದನ್ನ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ಯಾವ ಹಂತಕ್ಕೆ ಅಂತ ಬರೆದು ಕಳಿಸಿ.

'ನಮ್ಮವರೇ ಅಲ್ವಾ' ಅನ್ನೋ ಮಾತು

ಎಲ್ಲಕ್ಕಿಂತ ಕಷ್ಟದ ಭಾಗ ಇದು. ಊರಲ್ಲಿ ಕಾಂಟ್ರಾಕ್ಟರ್ ಅಂದ್ರೆ ಅಪ್ಪನ ಸ್ನೇಹಿತರು, ಅಮ್ಮನ ಕಡೆ ಸಂಬಂಧಿಕರು. ನಮ್ಮ ನೆಂಟರೊಬ್ಬರ ಮನೇಲಿ ಹೀಗೇ ಬಾಯಿಮಾತಲ್ಲಿ ಕೆಲಸ ಶುರುವಾಯ್ತು. ಸಂಪು ಸೇರಿದೆ ಅಂತ ಇವರು, ಸೇರಿಲ್ಲ ಅಂತ ಅವರು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ, ಇಬ್ಬರೂ ಬೇರೆ ಬೇರೆ ಅರ್ಥ ಮಾಡ್ಕೊಂಡಿದ್ರು. ಮನೆ ಏನೋ ಮುಗೀತು. ಆದ್ರೆ ಈಗ ಮದುವೆಮನೇಲಿ ಎದುರಾದ್ರೂ ಮಾತಿಲ್ಲ.

ಹಾಗಾಗಿ ನಂಟು ಉಳೀಬೇಕು ಅನ್ನೋ ಕಾರಣಕ್ಕೇ ಬರೆದಿಡಬೇಕು. 'ಮಾವ, ನಂಬಿಕೆ ಇಲ್ಲ ಅಂತಲ್ಲ, ನಾಳೆ ಇಬ್ಬರಿಗೂ ಮರೆತು ಹೋಗಬಾರದು ಅಂತ' ಅಂದ್ರೆ ಯಾರೂ ಬೇಜಾರಾಗಲ್ಲ. ಡ್ರಾಯಿಂಗ್, ಪಟ್ಟಿ, ಅಳತೆಯ ರೀತಿ, ಹಂತಗಳು, ಮುಗಿಸೋ ದಿನಾಂಕ, ಇಷ್ಟನ್ನ ಸ್ಟ್ಯಾಂಪ್ ಪೇಪರ್ ಮೇಲೆ ಹಾಕಿ ಇಬ್ಬರೂ ಸಹಿ ಮಾಡಿ. ಮಧ್ಯೆ ಕಿಟಕಿ ದೊಡ್ಡದು ಮಾಡಿ ಅಂದ್ರೆ ಅವತ್ತೇ ವಾಟ್ಸ್ಆ್ಯಪ್‌ನಲ್ಲಿ ಹಾಕಿ: 'ಇದಕ್ಕೆ ಇಷ್ಟು ಜಾಸ್ತಿ, ಸರೀನಾ?'

ಕೊನೆಗೂ ಮಾತುಕತೆ ಮುರಿದುಬಿದ್ರೆ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಸೇವೆ' ಅನ್ನೋದರೊಳಗೆ ಮನೆ ನಿರ್ಮಾಣವೂ ಬರುತ್ತೆ. ಕೊಟ್ಟ ಹಣ ₹50 ಲಕ್ಷದವರೆಗಿದ್ರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬಹುದು. ಮೊದಲು ಸಲಹೆ ಬೇಕಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಕೆಲಸಕ್ಕೆ ಬರೋದು ನೀವು ಬರೆಸಿಕೊಂಡ ಕಾಗದ, ಯುಪಿಐ ದಾಖಲೆ, ಫೋಟೊಗಳೇ.

ಈ ವಾರ ಊರಿಗೆ ಫೋನ್ ಮಾಡಿದಾಗ ಅಪ್ಪನ್ನ ಒಂದು ಮಾತು ಕೇಳಿ: 'ಅಪ್ಪಾ, ಮೇಸ್ತ್ರಿ ಹೇಳಿದ ರೇಟಲ್ಲಿ ಏನೇನು ಸೇರಿದೆ?' ಉತ್ತರ ಗೊತ್ತಿಲ್ಲ ಅಂದ್ರೆ, ಅಡ್ವಾನ್ಸ್ ಇನ್ನೊಂದು ವಾರ ತಡೀಲಿ. ಮತ್ತೆ ಸಿಗೋಣ.