ಸಂತ ಬಾಸಿಲರು ಮತ್ತು ಬಡ್ಡಿ ಸಾಲ



ಸಂಘದ ಸಭೆಯಲ್ಲಿ ನಾವು ಸಂತ ಬಾಸಿಲರ ಮಾತೆತ್ತಿದಾಗ ಒಬ್ಬ ಸದಸ್ಯೆ, "ಬಿಷಪರಿಗೂ ಸಾಲಕ್ಕೂ ಏನ್ ಸಂಬಂಧ ಸಿಸ್ಟರ್?" ಅಂದರು. ಬಹಳ ಸಂಬಂಧವಿದೆ.

ಬಾಸಿಲರು ಸುಮಾರು 330ರಲ್ಲಿ ಹುಟ್ಟಿದರು. ಈಗಿನ ಟರ್ಕಿ ದೇಶದಲ್ಲಿರುವ ಕಪ್ಪದೋಕಿಯ ಸೀಮೆಯವರು, ಅನುಕೂಲಸ್ಥರ ಮನೆತನ. ಅಥೆನ್ಸ್‌ನಲ್ಲಿ ಓದಿ ಬಂದಾಗ ತಲೆಗೆ ಸ್ವಲ್ಪ ಅಹಂಕಾರ ಏರಿತ್ತಂತೆ. ಅದನ್ನು ಇಳಿಸಿ ದೇವರ ದಾರಿಗೆ ತಂದವರು ಅವರ ಅಕ್ಕ ಮಕ್ರೀನಾ. (ಅಕ್ಕಂದಿರ ಕೆಲಸವೇ ಅದು!)

368ರ ಸುಮಾರಿಗೆ ಭೀಕರ ಬರ ಬಂತು. ಉಳ್ಳವರು ಬೆಲೆ ಏರಲೆಂದು ದವಸ ಬಚ್ಚಿಟ್ಟರು. ಆಗ ಬಾಸಿಲರು ಇನ್ನೂ ಗುರುಗಳು. ಪ್ರಬೋಧನೆಯಲ್ಲಿ ಗದರಿಸಿ ಕಣಜ ತೆಗೆಸಿದರು; ದೊಡ್ಡ ಪಾತ್ರೆಗಳಲ್ಲಿ ಗಂಜಿ ಕಾಯಿಸಿ ಹಸಿದವರಿಗೆ ಹಂಚಿದರು. ಯೆಹೂದ್ಯರ ಮಕ್ಕಳಿಗೂ ಊಟ ಸಿಕ್ಕಿತು. 370ರಲ್ಲಿ ಸಿಸೇರಿಯಾದ ಧರ್ಮಾಧ್ಯಕ್ಷರಾದ ಮೇಲೆ ಊರ ಹೊರಗೆ ರೋಗಿಗಳಿಗೆ, ಕುಷ್ಠರೋಗಿಗಳಿಗೆ, ದಾರಿಹೋಕರಿಗೆ ಆಸರೆಯ ಮನೆಗಳನ್ನು ಕಟ್ಟಿಸಿದರು. ಪವಿತ್ರಾತ್ಮರು ಪಿತ ಮತ್ತು ಸುತರಿಗಿಂತ ಕೆಳಗಿನವರು ಎನ್ನುವವರಿಗೆ ಉತ್ತರವಾಗಿ ಪುಸ್ತಕವನ್ನೇ ಬರೆದು, ಮೂವರಿಗೂ ಸಮಾನ ಮಹಿಮೆ ಸಲ್ಲಬೇಕೆಂದು ವಾದಿಸಿದರು. 379ರಲ್ಲಿ ತೀರಿಕೊಂಡರು. ಜನವರಿ 2 ಅವರ ಹಬ್ಬ.

ಈಗ ಸಾಲದ ವಿಷಯ. ಬಡ್ಡಿ ಬಗ್ಗೆ ಅವರ ಒಂದು ಪ್ರಬೋಧನೆ ಇದೆ. ಅದರಲ್ಲಿ ಬರುವ ಲೇವಾದೇವಿಗಾರ ಮೊದಲು "ನನ್ನ ಹತ್ರ ದುಡ್ಡೇ ಇಲ್ಲ" ಎಂದು ಆಣೆ ಹಾಕುತ್ತಾನೆ. ಬಡ್ಡಿ, ಅಡವು ಎಂದ ಕೂಡಲೇ ಮುಖ ಅರಳುತ್ತದೆ. ಯಾರೋ ಸ್ನೇಹಿತ ಇಟ್ಟ ಹಣವಿದೆ, ಬಡ್ಡಿ ಜಾಸ್ತಿ, ನಿಮಗೋಸ್ಕರ ಕಡಿಮೆ ಮಾಡುತ್ತೇನೆ ಎನ್ನುತ್ತಾನೆ. ನಮ್ಮೂರಿನ ಮೀಟರ್ ಬಡ್ಡಿಯವರ ಮಾತೇ ಅಲ್ಲವೇ? ಗ್ರೀಕ್ ಭಾಷೆಯಲ್ಲಿ ಬಡ್ಡಿಗೂ ಮರಿಗೂ ಒಂದೇ ಪದ. ಮೊಲ ಒಂದು ಕಡೆ ಹಾಲೂಡಿಸುತ್ತಲೇ ಮತ್ತೆ ಮರಿ ಹಾಕುವ ಹಾಗೆ ಬಡ್ಡಿ ಹುಟ್ಟುತ್ತಲೇ ಮರಿ ಹಾಕುತ್ತದೆ ಎನ್ನುತ್ತಾರೆ ಬಾಸಿಲರು. ಪಾತ್ರೆ ಪಗಡ ಮಾರಿದರೂ ಸರಿ, ಸ್ವಾತಂತ್ರ್ಯ ಮಾರಬೇಡಿ, ದುಡಿದು ತಿನ್ನಿ ಎಂದು ಸಾಲಗಾರರಿಗೂ ಬುದ್ಧಿ ಹೇಳುತ್ತಾರೆ.

ಆಗಿನ ರೋಮನ್ ಕಾನೂನು ನೂರಕ್ಕೆ ತಿಂಗಳಿಗೆ 1 ಬಡ್ಡಿಗೆ ಒಪ್ಪಿಗೆ ಕೊಟ್ಟಿತ್ತು. ಬಾಸಿಲರು ಅದನ್ನೂ ಒಪ್ಪಲಿಲ್ಲ. "ಹಾಗಾದ್ರೆ ನಾವು 2 ರೂಪಾಯಿ ತಗೊಳ್ಳೋದು?" ಎಂದು ಅದೇ ಸದಸ್ಯೆ ಕೇಳಿದರು. ನ್ಯಾಯವಾದ ಪ್ರಶ್ನೆ. ಸಂಘದ ಬಡ್ಡಿ ಒಬ್ಬರ ಜೇಬಿಗೆ ಹೋಗುವುದಿಲ್ಲ, ಎಲ್ಲರ ನಿಧಿಗೆ ಮರಳುತ್ತದೆ, ಅಷ್ಟು ವ್ಯತ್ಯಾಸವಿದೆ. ಆದರೆ ಗಂಡ ಆಸ್ಪತ್ರೆಯಲ್ಲಿದ್ದು ಕಂತು ತಪ್ಪಿದವಳಿಗೂ ದಂಡ ಹಾಕಿದ ಸಂಘಗಳನ್ನು ನಾವು ಕಂಡಿದ್ದೇವೆ. ದಂಡದ ನಿಯಮ ಬರೆದದ್ದು ನೀವೇ. ಮುಂದಿನ ಸಭೆಯಲ್ಲಿ ನಿರ್ಣಯ ಪುಸ್ತಕ ತೆರೆದು ಅದನ್ನೊಮ್ಮೆ ಓದಿ ನೋಡಿ.